ಟೈರು ಬದಲಿಸಿದವರು ಗೇರನ್ನೂ ಬದಲಿಸಿದ್ದಾರೆ

ಥಾರ್‌ಗೋ ಜಿಮ್ನಿಗೋ ದೊಡ್ಡ ಟೈರು ಹಾಕಿಸಿಕೊಂಡವರನ್ನು ‘ಗೇರ್ ರೇಷಿಯೊ ಬದಲಿಸಿದಿರಾ?’ ಎಂದು ಕೇಳಿದರೆ, ‘ಇಲ್ಲ, ಅದರ ಗೊಡವೆಗೆ ಹೋಗಲಿಲ್ಲ’ ಎಂಬ ಉತ್ತರ ಬರುತ್ತದೆ. ಈ ಉತ್ತರ ತಪ್ಪು. ಟೈರಿನ ವ್ಯಾಸ ಹೆಚ್ಚಿದ ದಿನವೇ ಅವರು ಗಾಡಿಯ ಎಲ್ಲ ಗೇರುಗಳನ್ನೂ ಬದಲಿಸಿಯಾಗಿದೆ, ರಿವರ್ಸ್ ಕೂಡ ಸೇರಿಸಿ. ಲೆಕ್ಕ ಹಾಕದೆ, ಬೇಡವಾದ ದಿಕ್ಕಿನಲ್ಲಿ ಬದಲಿಸಿದ್ದಾರೆ, ಅಷ್ಟೇ.

ಪುಣೆಯಿಂದ ಸಹ್ಯಾದ್ರಿಯ ಮಣ್ಣುದಾರಿಗಳಿಗೆ, ದಿಲ್ಲಿಯಿಂದ ಸ್ಪಿತಿಗೆ, ಚೆನ್ನೈ ಹೈದರಾಬಾದುಗಳಿಂದ ಊರಿನ ಘಾಟಿಗಳಿಗೆ ಹೊರಡುವ ಗಾಡಿಗಳಲ್ಲಿ ಈಗ ದೊಡ್ಡ ಟೈರು ಒಂದು ಮರ್ಯಾದೆಯ ಪ್ರಶ್ನೆಯಾಗಿದೆ. ಟೈರು ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಬೀಳುತ್ತದೆ. ಆಕ್ಸಲ್ಲಿನ ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮುಳುಗಿರುವ ಕ್ರೌನ್ ಪಿನಿಯನ್ ಯಾರಿಗೂ ಕಾಣುವುದಿಲ್ಲ. ಹಾಗಾಗಿ ದುಡ್ಡು ಟೈರಿಗೆ ಹೋಗುತ್ತದೆ, ಕ್ರೌನ್ ಪಿನಿಯನ್ನಿಗೆ ಹೋಗುವುದಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇದಕ್ಕೇ.

ಕ್ರೌನ್ ಪಿನಿಯನ್ನಿನ ಕೆಲಸ ಸರಳ. ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟಿನ ತುದಿಯಲ್ಲಿ ಪುಟ್ಟ ಪಿನಿಯನ್ ಇದೆ, ಅದು ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ರೇಷಿಯೊ 4.10. ಶಾಫ್ಟು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಅಷ್ಟು ಇಳಿಯುತ್ತದೆ, ಎಳೆಯುವ ಬಲ ಅಷ್ಟು ಏರುತ್ತದೆ. ಟೈರು ದೊಡ್ಡದಾದಾಗ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಬೇಕು, ಎಂಜಿನ್ನಿಗೆ ಸಿಗುವ ಸನ್ನೆ ಗಿಡ್ಡವಾಗುತ್ತದೆ.

ಜಿಮ್ನಿಯ ಲೆಕ್ಕವನ್ನೇ ನೋಡೋಣ. ಅದರ ಮೂಲ ಟೈರು 195/80 ಆರ್ 15, ವ್ಯಾಸ 693 ಮಿ.ಮೀ. ಮ್ಯಾನುವಲ್ ಗಾಡಿಯ ಆಕ್ಸಲ್ ರೇಷಿಯೊ 4.09. ಅದಕ್ಕೆ 31 ಇಂಚಿನ, ಅಂದರೆ 787 ಮಿ.ಮೀ.ನ ಟೈರು ಹಾಕಿದರೆ ವ್ಯಾಸ ಶೇ. 13.6ರಷ್ಟು ಹೆಚ್ಚುತ್ತದೆ. ಆಕ್ಸಲ್ ರೇಷಿಯೊ 3.60ಕ್ಕೆ ಇಳಿದಂತೆ ಗಾಡಿ ನಡೆದುಕೊಳ್ಳತೊಡಗುತ್ತದೆ. ಮೊದಲಿನ ಗುಣ ಮರಳಿ ಬೇಕಾದರೆ 4.09ನ್ನು 787ರಿಂದ ಗುಣಿಸಿ 693ರಿಂದ ಭಾಗಿಸಬೇಕು. ಉತ್ತರ ಸುಮಾರು 4.65. ಏಳನೇ ಕ್ಲಾಸಿನ ಮಕ್ಕಳು ಮಾಡಬಲ್ಲ ಲೆಕ್ಕವಿದು. ಟೈರು ಮಾರುವ ಎಷ್ಟು ಅಂಗಡಿಗಳು ಈ ಲೆಕ್ಕವನ್ನು ಗಿರಾಕಿಯ ಮುಂದಿಡುತ್ತವೆ?

‘ಅದಕ್ಕೇನು, ಲೋ ರೇಂಜ್ ಇದೆಯಲ್ಲ’ ಎಂಬುದು ಮೊದಲ ಸಮಾಧಾನ. ಜಿಮ್ನಿಯ ಫಸ್ಟ್ ಗೇರು 4.425, ಲೋ ರೇಂಜು 2.002, ಆಕ್ಸಲ್ಲು 4.09. ಮೂರನ್ನೂ ಗುಣಿಸಿದರೆ ಸುಮಾರು 36. ಎಂಜಿನ್ 800 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿದ್ದರೆ ಮೂಲ ಟೈರಿನಲ್ಲಿ ಗಾಡಿ ಗಂಟೆಗೆ ಸುಮಾರು 2.9 ಕಿ.ಮೀ. ವೇಗದಲ್ಲಿ ತೆವಳುತ್ತದೆ. 31 ಇಂಚಿನ ಟೈರಿನಲ್ಲಿ ಅದು 3.3 ಆಗುತ್ತದೆ. ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಮಳೆಗಾಲದಲ್ಲಿ ಕೆಮ್ಮಣ್ಣಿನ ಇಳಿಜಾರು ಇಳಿಯುವಾಗ ಬ್ರೇಕು ಒತ್ತಿದರೆ ಚಕ್ರ ಕಟ್ಟಿ ಗಾಡಿ ಜಾರುತ್ತದೆ, ಹಿಡಿದಿಡಬೇಕಾದ್ದು ಎಂಜಿನ್ನೇ. ಆ ಹಿಡಿತವೂ ಅದೇ ಪ್ರಮಾಣದಲ್ಲಿ ಸಡಿಲಾಗಿರುತ್ತದೆ. ಅಂದರೆ ಕಾಡುದಾರಿಗೆಂದು ಹಾಕಿಸಿದ ಟೈರು ಕಾಡುದಾರಿಯಲ್ಲಿ ಅತ್ಯಗತ್ಯವಾದ ಗುಣವನ್ನೇ ಕಿತ್ತುಕೊಂಡಿರುತ್ತದೆ.

ಇನ್ನೊಂದು ವಿಷಯ. ಇಂಥ ಗಾಡಿಗಳಲ್ಲಿ ಲೋ ರೇಂಜಿಗೆ ಹಾಕಿದರೆ ಮುಂದಿನ ಹಿಂದಿನ ಆಕ್ಸಲ್ಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಅದನ್ನು ಬಳಸುವಂತಿಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಗಳ ಸಾಲಿನ ಹಿಂದೆ, ಮನೆಮಂದಿಯನ್ನೂ ಲಗೇಜನ್ನೂ ಹೇರಿಕೊಂಡು ಏರಿನಲ್ಲಿ ನಿಂತು ನಿಂತು ಹೊರಡುವಾಗ ಲೋ ರೇಂಜ್ ನೆರವಿಗೆ ಬರುವುದಿಲ್ಲ. ಅಲ್ಲಿ ಬೇಯುವುದು ಕ್ಲಚ್ಚು. ಆಟೊಮ್ಯಾಟಿಕ್ ಗಾಡಿಯಾದರೆ ಗೇರ್‌ಬಾಕ್ಸು ಯಾವ ಗೇರೂ ಹೊಂದದೆ ಮೇಲೆ ಕೆಳಗೆ ಹಾರುತ್ತ ಎಣ್ಣೆ ಕಾಯಿಸಿಕೊಳ್ಳುತ್ತದೆ.

‘ರೀಮ್ಯಾಪ್ ಮಾಡಿಸಿದರೆ ಟಾರ್ಕು ಬರುತ್ತದೆ’ ಎಂಬುದು ಎರಡನೆಯ ಸಮಾಧಾನ. ಟಾರ್ಕು ಬರುತ್ತದೆ, ನಿಜ. ಬಂದದ್ದು ಚಕ್ರಕ್ಕೆ ತಲುಪಬೇಕಾದರೆ ಅದೇ ಕ್ಲಚ್ಚು, ಅದೇ ಗೇರ್‌ಬಾಕ್ಸು, ಅದೇ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಾಯಬೇಕು. ಕ್ರೌನ್ ಪಿನಿಯನ್ ಇರುವುದು ಇವೆಲ್ಲ ಮುಗಿದ ಮೇಲೆ. ಅಲ್ಲಿ ಬಲವನ್ನು ಗುಣಿಸಿದರೆ ಹಿಂದಿನವುಗಳ ಮೇಲೆ ಹೊರೆ ಬೀಳುವುದಿಲ್ಲ, ಎಂಜಿನ್ನಿನಲ್ಲಿ ಹೆಚ್ಚಿಸಿದರೆ ಎಲ್ಲದರ ಮೇಲೂ ಬೀಳುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ರೇಷಿಯೊ 4.88. ಯುದ್ಧ ಮುಗಿದ ಮೇಲೆ ಹೊಲಗದ್ದೆಗೆಂದು ಬಂದ ಸಿಜೆ ಜೀಪುಗಳಲ್ಲಿ ಅದು 5.38ಕ್ಕೆ ಏರಿತು. ಮಹೀಂದ್ರಾ 1947ರಲ್ಲಿ ಮುಂಬೈಯಲ್ಲಿ ಜೋಡಿಸತೊಡಗಿದ್ದು ಈ ವಿಲ್ಲಿಸ್ ವಂಶದ ಗಾಡಿಗಳನ್ನೇ. ಸಣ್ಣ ಎಂಜಿನ್ನು, ಸಪೂರ ಟೈರು, ದೊಡ್ಡ ರೇಷಿಯೊ, ಇದು ಆ ಜೀಪಿನ ಸೂತ್ರ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳನ್ನು ನೋಡಿದವರಿಗೆ ಗೊತ್ತು, ಆ ದಾರಿಯನ್ನು ಗೆಲ್ಲುವುದು ಟೈರಿನ ಗಾತ್ರದಿಂದಲ್ಲ.

ಹೊಸ ಕಾಲದ ಕಂಪನಿಗಳೂ ಇದನ್ನು ಮರೆತಿಲ್ಲ. ಅಮೆರಿಕದಲ್ಲಿ ಜೀಪ್ ಕಂಪನಿಯ ರ‍್ಯಾಂಗ್ಲರ್ ರೂಬಿಕಾನ್ 33 ಇಂಚಿನ ಟೈರಿನೊಂದಿಗೆ 4.10 ರೇಷಿಯೊದಲ್ಲಿ ಬರುತ್ತದೆ. 35 ಇಂಚಿನ ಟೈರಿನ ಎಕ್ಸ್‌ಟ್ರೀಮ್ ರೆಕಾನ್ ಪ್ಯಾಕೇಜ್ ತಂದಾಗ ಕಂಪನಿ ರೇಷಿಯೊವನ್ನು 4.56 ಮಾಡಿತು. ಬರೀ ವ್ಯಾಸದ ಲೆಕ್ಕಕ್ಕೆ 4.35ರ ಆಸುಪಾಸು ಸಾಕಿತ್ತು. ದೊಡ್ಡ ಟೈರು ತೂಕದ್ದೂ ಹೌದು, ಅದನ್ನು ತಿರುಗಿಸಲು ಬಲ ಹೆಚ್ಚು ಬೇಕು, ಎತ್ತರಿಸಿದ ಗಾಡಿ ಗಾಳಿಯನ್ನೂ ಹೆಚ್ಚು ತಳ್ಳಬೇಕು. ಅದಕ್ಕೇ ಒಂದು ಮೆಟ್ಟಿಲು ಹೆಚ್ಚು. ಫೋರ್ಡ್ ಬ್ರಾಂಕೊದ ಸಾಸ್ಕ್ವಾಚ್ ಪ್ಯಾಕೇಜಿನಲ್ಲೂ 35 ಇಂಚಿನ ಟೈರಿನ ಜೊತೆಗೆ 4.70 ರೇಷಿಯೊ ಬರುತ್ತದೆ. ಗಾಡಿ ಮಾಡಿದವರೇ ಟೈರು ಮತ್ತು ರೇಷಿಯೊ ಒಂದೇ ಸಾಮಾನು ಎನ್ನುತ್ತಿರುವಾಗ, ಮೂಲೆಯಂಗಡಿಯವರು ಅವೆರಡನ್ನೂ ಬೇರೆ ಬೇರೆ ಎನ್ನುತ್ತಿದ್ದಾರೆ.

ಗೊಂದಲಕ್ಕೆ ಮಾತೂ ಕಾರಣ. ಸಂಖ್ಯೆ 4.10ರಿಂದ 4.88ಕ್ಕೆ ಏರಿದರೆ ಗ್ಯಾರೇಜಿನ ಭಾಷೆಯಲ್ಲಿ ಗೇರು ‘ಲೋ’ ಆಯಿತು ಎನ್ನುತ್ತಾರೆ, ಇಳಿದರೆ ‘ಹೈ’ ಆಯಿತು ಎನ್ನುತ್ತಾರೆ. ಕೇಳಿದವರು ತಿರುಗುಮುರುಗು ಮಾಡಿಕೊಂಡು ತಪ್ಪು ಸೆಟ್ ತರಿಸುವುದುಂಟು. ‘ಹಲ್ಲು’ ಎಂಬ ಪದ ಇದಕ್ಕಿಂತ ಪ್ರಾಮಾಣಿಕ. 41ಕ್ಕೆ 10, 41ಕ್ಕೆ 9, 39ಕ್ಕೆ 8 ಎಂದರೆ ಮೋಸವಿಲ್ಲ.

ಆ ಹಲ್ಲಿನ ಲೆಕ್ಕದಲ್ಲೇ ಎದುರುಪಕ್ಷದ ಗಟ್ಟಿ ವಾದವೂ ಇದೆ. ರೇಷಿಯೊ ಹೆಚ್ಚಿದಂತೆ ಪಿನಿಯನ್ನಿನ ಹಲ್ಲು ಕಡಿಮೆಯಾಗುತ್ತದೆ, ತಲೆ ಸಣ್ಣದಾಗುತ್ತದೆ, ಬಲ ಕುಗ್ಗುತ್ತದೆ. ಅದರ ಮೇಲೆ ದೊಡ್ಡ ಟೈರಿನ ಹೊಡೆತ. ಈ ಮಾತು ಸತ್ಯ. ಇದರಿಂದ ಹೊರಡುವ ತೀರ್ಮಾನ ಮಾತ್ರ ‘ರೇಷಿಯೊ ಬದಲಿಸಬೇಡಿ’ ಎಂದಲ್ಲ, ‘ಆ ಆಕ್ಸಲ್ಲು ತಾಳದ ಟೈರನ್ನು ಹಾಕಬೇಡಿ’ ಎಂದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಜಿಮ್ನಿಗೆ 235/75 ಆರ್ 15 ಹಾಕಿದರೆ ವ್ಯಾಸ ಹೆಚ್ಚುವುದು ಶೇ. 6ರಷ್ಟು. ಅಷ್ಟನ್ನು ಎಂಜಿನ್ ಗೊಣಗುತ್ತಲಾದರೂ ಸಹಿಸೀತು. ಶೇ. 10 ದಾಟಿದ ಮೇಲೆ ರೇಷಿಯೊ ಮುಟ್ಟದೆ ಬಿಡುವುದು ಹಟ.

ಬದಲಿಸುವುದೇ ಆದರೆ ಎರಡೂ ಆಕ್ಸಲ್ಲಿನದನ್ನು ಬದಲಿಸಬೇಕು. ಹಿಂದೆ 4.65, ಮುಂದೆ 4.09 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಮುಂದಿನದು ಹಿಂದಿನದು ಎಳೆದಾಡಿಕೊಂಡು ಟ್ರಾನ್ಸ್‌ಫರ್ ಕೇಸು ಮುರಿಯುತ್ತದೆ. ಹಲ್ಲುಗಳ ನಡುವಿನ ಸಡಿಲನ್ನು ಡಯಲ್ ಗೇಜಿನಲ್ಲಿ ಅಳೆದು, ಬಣ್ಣ ಬಳಿದು ಹಲ್ಲು ಎಲ್ಲಿ ಕೂರುತ್ತದೆಂದು ನೋಡಿ, ಶಿಮ್ ಹಾಕಿ ಕೂರಿಸಬಲ್ಲ ಮೇಸ್ತ್ರಿಯ ಕೈಗೇ ಕೊಡಬೇಕು. ಹೊಸ ಹಲ್ಲುಗಳನ್ನು ಮೊದಲ ಕೆಲವು ನೂರು ಕಿ.ಮೀ. ನಿಧಾನವಾಗಿ ಪಳಗಿಸಿ ಎಣ್ಣೆ ಬದಲಿಸಬೇಕು. ವರ್ಷಕ್ಕೆ ನಾಲ್ಕು ಸಲ ಕಾಡು, ಉಳಿದಂತೆ ಹೆದ್ದಾರಿ ಎನ್ನುವವರು ಲೆಕ್ಕಕ್ಕಿಂತ ಮೇಲಿನ ಸಂಖ್ಯೆಗೆ ಹಾರಬಾರದು, 100ರ ವೇಗದಲ್ಲಿ ಎಂಜಿನ್ ಕಿರುಚುವುದನ್ನು ಊರು ತಲುಪುವವರೆಗೆ ಕೇಳಬೇಕಾದೀತು.

ರೇಷಿಯೊ ಸರಿಮಾಡದ ಒಂದು ಸಂಗತಿಯೂ ಇದೆ. ಬ್ರೇಕು ಚಕ್ರದಲ್ಲೇ ಇರುವುದರಿಂದ ಕ್ರೌನ್ ಪಿನಿಯನ್ ಅದಕ್ಕೆ ಏನೂ ಮಾಡಲಾರದು. ದೊಡ್ಡ ಟೈರಿನಲ್ಲಿ ಅದೇ ಒತ್ತಡಕ್ಕೆ ಬ್ರೇಕಿನ ಹಿಡಿತ ಕಡಿಮೆ. ಮೀಟರೂ ಸುಳ್ಳು ಹೇಳುತ್ತದೆ, 31 ಇಂಚಿನ ಜಿಮ್ನಿಯಲ್ಲಿ ಅದು ತೋರಿಸುವ ವೇಗಕ್ಕೆ ಮೊದಲಿಗಿಂತ ಶೇ. 13.6 ಸೇರಿಸಿಕೊಳ್ಳಬೇಕು. ಘಾಟಿಯ ತಿರುವಿನಲ್ಲಿ ಎದುರಿಗೆ ಬರುವ ಸ್ಕೂಟರಿನವನು ಈ ಎರಡು ಸುಳ್ಳುಗಳ ಬೆಲೆ ತೆರುತ್ತಾನೆ.

ಕಾನೂನಿನ ಮಾತು ಹೇಗೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೆ ದಾರಿ ಒಂದೇ. ಇಲ್ಲಿನ ಕಂಪನಿಗಳೂ ದೊಡ್ಡ ಟೈರು, ಅದಕ್ಕೆ ಹೊಂದುವ ರೇಷಿಯೊ, ಬ್ರೇಕು, ಮೀಟರು ಎಲ್ಲವನ್ನೂ ಪರೀಕ್ಷಿಸಿ ಒಂದೇ ಪ್ಯಾಕೇಜಾಗಿ ಷೋರೂಮಿನಲ್ಲಿ ಮಾರಲಿ. ಜಾಹೀರಾತಿನಲ್ಲಿ ಬಂಡೆಯ ಮೇಲೆ ಗಾಡಿ ಹತ್ತಿಸಿ ತೋರಿಸುವವರಿಗೆ ಈ ಹೊಣೆಯೂ ಇದೆ. ಕೊಳ್ಳುವವರು ಕೇಳದಿದ್ದರೆ ಅವರು ಕೊಡುವುದಿಲ್ಲ. ಕೊಡುವವರೆಗೆ, ಟೈರಿನಂಗಡಿಗೆ ಹೋದವರು ಬೆಲೆ ಕೇಳುವ ಮೊದಲು ತಮ್ಮ ಗಾಡಿಯ ಕ್ರೌನಿಗೆ ಎಷ್ಟು ಹಲ್ಲು, ಪಿನಿಯನ್ನಿಗೆ ಎಷ್ಟು ಹಲ್ಲು ಎಂದು ತಿಳಿದುಕೊಂಡಿರಲಿ. ಅದು ಗೊತ್ತಿಲ್ಲದಿದ್ದರೆ ಕಂಪನಿ ಕೊಟ್ಟ ಟೈರೇ ಸಾಕು.