ಹಾಸಿಗೆ ಕಟ್ಟಿಕೊಟ್ಟರೆ ಸಾಕೇ?

ಪ್ರಿಯ ಹೆತ್ತವರೇ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವನ್ನು ಪಿಯು ವಿಜ್ಞಾನಕ್ಕೆಂದು ದೂರದ ಹಾಸ್ಟೆಲಿಗೆ ಕಳುಹಿಸುತ್ತೀರಿ. ಹಾಸಿಗೆ, ಪೆಟ್ಟಿಗೆ, ಶುಲ್ಕ ಎಲ್ಲವನ್ನೂ ಹೊಂದಿಸುತ್ತೀರಿ. ಆದರೆ ಬಟ್ಟೆ ಒಗೆಯಲು, ಖರ್ಚಿನ ಲೆಕ್ಕವಿಡಲು, ತಿಳಿಯದುದನ್ನು ನಾಚದೆ ಕೇಳಲು ಕಲಿಸಿದ್ದೀರಾ?

ಪಾಠದ ಭಾಷೆ, ಊಟ, ನಿದ್ರೆ, ಗೆಳೆತನ ಎಲ್ಲವೂ ಒಮ್ಮೆಲೇ ಬದಲಾದಾಗ ಅಂಕಗಳು ಕುಸಿಯುವುದು ಸಹಜ. ಆ ಬಳಲಿಕೆಯನ್ನು ಸೋಮಾರಿತನವೆಂದು ಜರೆಯುವುದು ಅನ್ಯಾಯ. "ಹಾಸ್ಟೆಲೇ ಶಿಸ್ತು ಕಲಿಸಲಿ" ಎಂಬುದು ಹೊಣೆಯಿಂದ ನುಣುಚಿಕೊಳ್ಳುವ ಮಾತು.

ಫೋನಿನಲ್ಲಿ ಅಂಕ ಕೇಳುವ ಮೊದಲು ಊಟ, ನಿದ್ರೆ ವಿಚಾರಿಸಿರಿ. ಮಗು ಮೌನವಾದರೆ ಹೋಗಿ ನೋಡಿರಿ. 2022ರಲ್ಲಿ ಆರಂಭವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡಿರಿ. ಸೋಲನ್ನು ಮನೆಯಲ್ಲಿ ಹೇಳಿಕೊಳ್ಳಲು ಹೆದರದ ಮಗುವೇ ದೂರದ ಊರಿನಲ್ಲಿ ಧೈರ್ಯವಾಗಿ ನಿಲ್ಲಬಲ್ಲದು.