ಹಳೆಯ ಮೋಟಾರ್ ಸೈಕಲ್: ಮೂಲರೂಪವೋ, ಮಾರ್ಪಾಡೋ?

ಯಮಹಾ ಆರ್.ಡಿ. 350ರ ಭಾರತೀಯ ರೂಪವಾದ ರಾಜದೂತ್ 350 ಅನ್ನು ಎಸ್ಕಾರ್ಟ್ಸ್ ಸಂಸ್ಥೆಯು 1983ರಲ್ಲಿ ಮಾರುಕಟ್ಟೆಗೆ ತಂದಿತು. 347 ಸಿ.ಸಿ.ಯ ಜೋಡಿ ಸಿಲಿಂಡರ್ ಹಾಗೂ ಆರು ಗೇರುಗಳ ಆ ವಾಹನದ ವೇಗಕ್ಕೆ ಅದರ ಬ್ರೇಕ್ ಸಾಟಿಯಾಗಿರಲಿಲ್ಲ. ಜಪಾನಿನ ಮಾದರಿಯ ಮುಂಗಾಲಿಯಲ್ಲಿದ್ದ ಡಿಸ್ಕ್ ಬ್ರೇಕಿಗೆ ಬದಲಾಗಿ ಇಲ್ಲಿ ಡ್ರಮ್ ಬ್ರೇಕ್ ಅಳವಡಿಸಲಾಗಿತ್ತು. ಹೀಗಿರುವಾಗ ಡಿಸ್ಕ್ ಬ್ರೇಕ್ ಹಾಕಿಸಬಯಸುವ ಮಾಲೀಕನದು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಖರ್ಚಿನ ಪುಟವನ್ನೂ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಮೂದಿಗಿಂತ ಭಿನ್ನವಾಗುವ ಮಾರ್ಪಾಡು ನಿಷಿದ್ಧ. 2019ರ ತಿದ್ದುಪಡಿಯು ಪ್ರತಿ ಮಾರ್ಪಾಡಿಗೆ ರೂ. 5,000 ದಂಡವನ್ನು, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸವನ್ನು, ಇಲ್ಲವೇ ಎರಡನ್ನೂ ವಿಧಿಸಿದೆ. 2021ರ ನಿಯಮಗಳು 50 ವರ್ಷ ಮೀರಿದ, ಮೂಲಸ್ವರೂಪ ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕಲ್ಪಿಸಿವೆ. 1983ರ ರಾಜದೂತ್ ಆ ವಯಸ್ಸನ್ನು ಮುಟ್ಟುವುದು 2033ರಲ್ಲಿ. ಇಂದು ಚಾಸಿಗೆ ಗರಗಸ ಹಾಕಿದವನು ಅಂದಿನ ಅವಕಾಶವನ್ನೇ ಕೈಬಿಟ್ಟಂತೆ.

ಚಾಸಿಯನ್ನೇ ಈಗಾಗಲೇ ಕತ್ತರಿಸಲಾಗಿದ್ದು, ಮೂಲ ಬಿಡಿಭಾಗಗಳೂ ಕಳೆದುಹೋಗಿದ್ದರೆ ಮೂಲರೂಪದ ಬೆನ್ನುಹತ್ತುವುದು ದುಂದುವೆಚ್ಚ; ಅಂಥದನ್ನು ಸುರಕ್ಷಿತವಾಗಿ ಓಡುವಂತೆ ಮಾಡಿಕೊಂಡರೆ ಸಾಕು. ಎಲ್ಲವೂ ಮೂಲದಲ್ಲಿದ್ದಂತೆಯೇ ಇದ್ದರೆ ನಟ್ಟು-ಬೋಲ್ಟು ಬಿಚ್ಚಿ ಹಿಂತಿರುಗಿಸಬಹುದಾದ ಬದಲಾವಣೆಗಷ್ಟೇ ಕೈಹಾಕುವುದು ಲೇಸು. ಅದಕ್ಕೂ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯತಕ್ಕದ್ದು. ಗ್ಯಾರೇಜಿನವನ ಬಾಯಿಮಾತು ಇಲ್ಲಿ ನಡೆಯದು. ಬಿಚ್ಚಿದ ಡ್ರಮ್ಮನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಬಿಲ್ಲುಗಳೊಡನೆ ಕಾದಿಡಬೇಕು. ಮುಂದೆ ಕೊಳ್ಳುವವನು ಮೊದಲು ಕೇಳುವುದು ಅದನ್ನೇ.