ಪಡಸಾಲೆ ಯಾರಿಗಾಗಿ?

ನಾಡಿನ ಉತ್ತರ ಭಾಗದವರು ಅದನ್ನು ಪಡಸಾಲೆ ಎನ್ನುತ್ತಾರೆ. ಕರಾವಳಿಯವರು ಚಾವಡಿ ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆಯವರಿಗೆ ಅದು ಹಜಾರ ಅಥವಾ ನಡುಮನೆ. ಮುಂಬಯಿಗೆ ಬಂದು ನೆಲೆಸಿದ ಮೇಲೆ ನಾವೆಲ್ಲರೂ ಭೇದವೆಣಿಸದೆ ‘ಹಾಲ್’ ಎಂದು ಕರೆಯಲು ಕಲಿತಿದ್ದೇವೆ. ಹೆಸರಿನೊಂದಿಗೆ ಅದರ ಧರ್ಮವೂ ಬದಲಾಗಿದೆ ಎಂಬುದು ನನ್ನ ಆಕ್ಷೇಪ. ಊರಿನ ಪಡಸಾಲೆಯಲ್ಲಿ ಅಜ್ಜ ಎಲೆಯಡಿಕೆ ಮೆಲ್ಲುತ್ತ ಕುಳಿತಿರುತ್ತಿದ್ದರು, ಹೆಂಗಸರು ಕಾಳು ಆರಿಸುತ್ತಿದ್ದರು, ಮಕ್ಕಳು ಮನಬಂದಂತೆ ಉರುಳಾಡುತ್ತಿದ್ದವು. ಮಹಾನಗರದ ನಮ್ಮ ಹಾಲಾದರೋ ಎಂದೋ ಒಮ್ಮೆ ಬರಲಿರುವ ಅತಿಥಿಯ ಕಣ್ಣಿಗಾಗಿ ಸಿಂಗರಿಸಿಟ್ಟ ಕೋಣೆಯಾಗಿದೆ. ಅಲ್ಲಿ ಮಕ್ಕಳಿಗೆ ದಿನವೂ ಕೇಳಿಬರುವುದು ಒಂದೇ ಮಾತು: ‘ಮುಟ್ಟಬೇಡ!’

ನಾನು ವೈದ್ಯನಲ್ಲ, ಗೃಹಾಲಂಕಾರ ಬಲ್ಲವನೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಬ್ಯಾಂಕೊಂದರಲ್ಲಿ ಇತರರ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ನಲವತ್ತನ್ನು ದಾಟಿದವನು. ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಇಂಥವನಿಗೇನು ಕೆಲಸವೆಂದು ವಾಚಕರು ಕೇಳಬಹುದು. ಕಳೆದ ವರ್ಷ ನಮ್ಮ ಡೊಂಬಿವಲಿಯ ಮನೆಯಲ್ಲಿ ನಡೆದ ಒಂದು ಘಟನೆಯೇ ಅದಕ್ಕೆ ಉತ್ತರ.

ನಮ್ಮ ಹಾಲಿನಲ್ಲಿ ಆಳೆತ್ತರದ ಷೋಕೇಸೊಂದಿತ್ತು. ಕೆಳಗೆ ನಾಲ್ಕು ಡ್ರಾಯರು, ಮೇಲೆ ಗಾಜಿನ ಬಾಗಿಲು. ತುದಿಯ ಹಂತದಲ್ಲಿದ್ದ ನವಿಲಿನ ಬೊಂಬೆಯ ಮೇಲೆ ನಾಲ್ಕು ವರ್ಷದ ನಮ್ಮ ಕಿರಿಯ ಮಗಳಿಗೆ ಬಹುದಿನಗಳ ಆಸೆ. ಒಂದು ಮಧ್ಯಾಹ್ನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಅವನ್ನೇ ಮೆಟ್ಟಿಲಾಗಿಸಿಕೊಂಡು ಏರಿದಳು. ಅವಳ ಭಾರಕ್ಕೆ ಷೋಕೇಸು ಮುಂದಕ್ಕೆ ವಾಲಿತು. ದೈವಕೃಪೆಯಿಂದ ಎದುರಿದ್ದ ಸೋಫಾದ ತೋಳು ಅದನ್ನು ತಡೆಯಿತು. ಮಗಳ ಹಣೆಗೆ ಐದು ಹೊಲಿಗೆ ಬಿದ್ದವು. ಸೋಫಾ ಒಂದಡಿ ಆಚೆಗಿದ್ದಿದ್ದರೆ ನಾನು ಈ ಲೇಖನ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಆಗ ಧಾರವಾಡದಿಂದ ಬಂದಿದ್ದ ನನ್ನ ತಾಯಿ ಒಡೆದ ಗಾಜನ್ನು ಗುಡಿಸುತ್ತ, “ಅಲ್ಲೋ ತಮ್ಮಾ, ಸಣ್ಣ ಮಕ್ಕಳಿದ್ದ ಮನಿಯೊಳಗ ಈ ಗಾಜಿನ ಸಂಸಾರ ಯಾಕ ಬೇಕಿತ್ತಪಾ?” ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಹಾಲನ್ನು ಹೊಸದಾಗಿ ಅಣಿಗೊಳಿಸಲು ನಿಶ್ಚಯಿಸಿದೆವು. ಅಲಂಕಾರದ ಸಂಸ್ಥೆಯೊಂದರವರು ಬಂದು ಅಳತೆ ತೆಗೆದು, 2 ಲಕ್ಷ 85 ಸಾವಿರ ರೂಪಾಯಿಗಳ ಅಂದಾಜನ್ನು ಮುಂದಿಟ್ಟರು. ಸುಳ್ಳು ಛಾವಣಿ, ಗೋಡೆಗೆ ಚಿತ್ರದ ಕಾಗದ, ಗಾಜಿನ ಟೀಪಾಯಿ, ಬಿಳಿಯ ಸೋಫಾ. ‘ಬಡ್ಡಿಯಿಲ್ಲದ ಕಂತು’ಗಳಲ್ಲಿ ತೀರಿಸಬಹುದೆಂಬ ಆಶ್ವಾಸನೆ ಬೇರೆ. ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಲೇಬೇಕು. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಸಂಸ್ಕರಣ ಶುಲ್ಕದಲ್ಲಿ ಅಡಗಿರುತ್ತದೆ, ಇಲ್ಲವೆ ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ನಿಮಗೆ ತಪ್ಪಿರುತ್ತದೆ. ಇನ್ನು ‘ವರ್ಷಕ್ಕೆ ಶೇಕಡಾ 12’ ಎಂದು ಅಸಲಿನ ಪೂರ್ಣ ಮೊತ್ತದ ಮೇಲೆ ಬಡ್ಡಿ ಹಾಕುವ ಕ್ರಮವನ್ನು ನೋಡಿ. 60,000 ರೂಪಾಯಿಗೆ ಎರಡು ವರ್ಷದ ಬಡ್ಡಿ 14,400. ತಿಂಗಳ ಕಂತು 3,100. ಅಸಲು ತಿಂಗಳು ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಇಳಿಯದ ಕಾರಣ ನಿಜವಾದ ದರ ಶೇಕಡಾ 21ನ್ನು ಮೀರುತ್ತದೆ. ವ್ಯಾಪಾರಕ್ಕೆಂದು ಈ ದರದಲ್ಲಿ ಸಾಲ ಕೇಳಲು ಬಂದವರಿಗೆ ನಾನೇ ಬುದ್ಧಿ ಹೇಳಿ ಕಳಿಸುತ್ತೇನೆ. ಮಗು ಹಾಲು ಚೆಲ್ಲಲಿರುವ ಸೋಫಾಕ್ಕಾಗಿ ಅದನ್ನು ಪಡೆಯುವುದು ಹೇಗೆ?

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬುದೊಂದಿದೆ. ಎರಡು ಮಕ್ಕಳಿರುವ ಮನೆಯಲ್ಲಿ ಪೀಠೋಪಕರಣದ ಸವಕಳಿಯನ್ನು ಮೊದಲ ವರ್ಷವೇ ಶೇಕಡಾ 100 ಎಂದು ಹಿಡಿಯುವುದು ವಿವೇಕ. ಹೀಗಾಗಿ ನಾವು ಸಾಲವಿಲ್ಲದೆ, ಕೈಯಲ್ಲಿದ್ದ 40,000 ರೂಪಾಯಿಗಳ ಮಿತಿ ಹಾಕಿಕೊಂಡೆವು. ಕೊನೆಗೆ ಆದ ವೆಚ್ಚ ಹೀಗಿದೆ: ಗೋಡೆಯ ತೇವದ ದುರಸ್ತಿ ಮತ್ತು ಬಣ್ಣ 19,500, ವಿದ್ಯುತ್ ಕೆಲಸ 4,800, ಹಳೆಯ ಮರದ ದಿವಾನಕ್ಕೆ ಹೊಸ ಹಾಸು ಮತ್ತು ಒಗೆಯಬಲ್ಲ ಗವಸು 6,200, ಷೋಕೇಸಿನ ಹಲಗೆಗಳಿಂದಲೇ ಗಿಡ್ಡ ಪುಸ್ತಕದ ಕಪಾಟು ಮಾಡಿಸಿದ ಬಡಗಿಯ ಕೂಲಿ 3,500, ಕಿಟಕಿಯ ಸರಳು ಮತ್ತು ಗೋಡೆಗೆ ಬಿಗಿಯುವ ಪಟ್ಟಿಗಳು 2,400, ಚಾಪೆ, ಜಮಖಾನೆ 2,100. ಒಟ್ಟು 38,500. ಉಳಿದ 1,500 ರೂಪಾಯಿ ಮಕ್ಕಳ ಖಾತೆಗೆ ಜಮೆಯಾಯಿತು.

ಮೊತ್ತದ ಅರ್ಧದಷ್ಟು ತೇವಕ್ಕೂ ಬಣ್ಣಕ್ಕೂ ಹೋಯಿತಲ್ಲ ಎಂದು ಕೆಲವರಿಗೆ ಅನ್ನಿಸೀತು. ಆದರೆ ಈ ನಗರದಲ್ಲಿ ಅದೇ ಮೊದಲ ಅಲಂಕಾರವೆಂದು ನನ್ನ ನಂಬಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನಮ್ಮ ಗೋಡೆಗಳು ನೀರು ಕುಡಿದು ಕೂತಿರುತ್ತವೆ. ತೇವವಿದ್ದಲ್ಲಿ ಬೂಷ್ಟು, ಬೂಷ್ಟಿನ ಕಣಗಳು ಗಾಳಿಯಲ್ಲಿ ಸೇರಿದಲ್ಲಿ ಎಳೆಯರಿಗೆ ಕೆಮ್ಮು, ಉಬ್ಬಸ. ಗಣೇಶ ಚೌತಿಯ ಮುನ್ನ ಬಣ್ಣ ಹೊಡೆಸುವ ವಾಡಿಕೆ ಮುಂಬಯಿಯಲ್ಲಿದೆ. ಹಬ್ಬದ ಸಡಗರ ಸರಿಯೇ. ಆದರೆ ಹಸಿ ಗೋಡೆಯ ಮೇಲಿನ ಬಣ್ಣ ಮರುವರ್ಷವೇ ಹಪ್ಪಳದಂತೆ ಎದ್ದು ಬರುತ್ತದೆ, ಒಳಗಿನ ಬೂಷ್ಟು ಹಾಗೆಯೇ ಉಳಿಯುತ್ತದೆ. ಸೋರುವ ಕೊಳವೆಯನ್ನೋ ಹೊರಗೋಡೆಯ ಬಿರುಕನ್ನೋ ಮೊದಲು ಮುಚ್ಚಿಸಿ, ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಬಣ್ಣಕ್ಕೆ ಕೈಹಾಕುವುದು ಲೇಸು. ಚೌತಿಗೆ ಗೋಡೆಯನ್ನು ಒರೆಸಿ ತೋರಣ ಕಟ್ಟಿದರೆ ಗಣಪತಿಯೇನೂ ಮುನಿಯಲಾರ.

ಬಣ್ಣದ ವಿಷಯದಲ್ಲಿ ಇನ್ನೂ ಗಂಭೀರವಾದುದು ಸೀಸ. ಅದು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡುವ ಲೋಹ. ಇಷ್ಟರವರೆಗೆ ನಿರಪಾಯ ಎಂಬ ಮಟ್ಟವೇ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸರಕಾರ 2016ರಲ್ಲಿ ನಿಯಮ ಮಾಡಿ, ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂದಿತು. ಆದ್ದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಿ. ಆದರೆ ಹಳೆಯ ಕಟ್ಟಡಗಳ ಬಾಗಿಲು, ಕಿಟಕಿ, ಸರಳುಗಳ ಮೇಲೆ ಅದಕ್ಕೂ ಹಿಂದಿನ ಪದರಗಳಿರುತ್ತವೆ. ಕೆಲಸಗಾರರು ಮರಳುಕಾಗದದಿಂದ ಒಣದಾಗಿ ಉಜ್ಜಿದರೆ ಆ ಧೂಳು ನೆಲಕ್ಕಿಳಿದು, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಸೇರುತ್ತದೆ. ನೀರು ಚಿಮುಕಿಸಿ ಉಜ್ಜಿಸಬೇಕು. ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆಡೆ ಕಳಿಸಬೇಕು. ನಾವು ಒಂದು ವಾರ ನನ್ನ ಷಡ್ಡಕರ ಮನೆಯಲ್ಲಿದ್ದೆವು. ಹೊಸ ಬಣ್ಣದ ವಾಸನೆ ಆರುವ ತನಕ ಕಿಟಕಿಗಳು ತೆರೆದೇ ಇದ್ದವು.

ಇನ್ನು ಸಾಮಾನುಗಳ ಸಂಗತಿ. ಎತ್ತರದ ಕಪಾಟು ಏನೇ ಇರಲಿ, ಹಿಂಬದಿಯಿಂದ ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿಸತಕ್ಕದ್ದು. ನನ್ನ ಮಗಳ ಹಣೆಯ ಮೇಲಿನ ಗುರುತು ಕೆಲವೇ ರೂಪಾಯಿಗಳ ಆ ಪಟ್ಟಿಯನ್ನು ನಾನು ಹಾಕಿಸದೆ ಇದ್ದುದರ ಫಲ. ಭಾರವಾದುದು ಕೆಳಗಿರಲಿ, ಮಗುವಿಗೆ ಆಸೆ ಹುಟ್ಟಿಸುವ ವಸ್ತು ಮೇಲಿರದಿರಲಿ. ದೂರದರ್ಶನದ ಪೆಟ್ಟಿಗೆಯೂ ಗೋಡೆಗೆ ಬಿಗಿದಿರಲಿ. ಕಿಟಕಿಯ ಕೆಳಗೆ ದಿವಾನವನ್ನಾಗಲಿ ಕುರ್ಚಿಯನ್ನಾಗಲಿ ಇಡುವುದು ಮಗುವಿಗೆ ಏಣಿ ಒದಗಿಸಿದಂತೆ. ಸರಳುಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ತೆರಪಿರಬಾರದು. ಪರದೆಯ ಇಳಿಬಿದ್ದ ಹಗ್ಗ ಕೊರಳಿಗೆ ಉರುಳಾಗಬಲ್ಲದು, ಮೇಲೆ ಕಟ್ಟಿಡಿ. ರಿಮೋಟಿನಲ್ಲಿರುವ ಗುಂಡಿಯಾಕಾರದ ಬ್ಯಾಟರಿಯನ್ನು ನುಂಗಿದ ಮಗುವಿನ ಅನ್ನನಾಳ ಎರಡು ಗಂಟೆಯೊಳಗೇ ಸುಡಲಾರಂಭಿಸಬಹುದು. ಅಂಥ ಸಂದರ್ಭದಲ್ಲಿ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ವಿದ್ಯುತ್ ಫಲಕದಲ್ಲಿ 30 ಮಿಲಿಯಾಂಪಿಯರಿನ ಸೋರಿಕೆಗೇ ಪ್ರವಾಹವನ್ನು ಕಡಿಯುವ ಸಾಧನವನ್ನೂ, ಕೆಳಮಟ್ಟದ ಸಾಕೆಟ್ಟುಗಳಿಗೆ ಮುಚ್ಚಳವಿರುವ ಮಾದರಿಯನ್ನೂ ಹಾಕಿಸಿದೆವು. ಈ 4,800 ರೂಪಾಯಿ ಯಾವ ಅತಿಥಿಯ ಕಣ್ಣಿಗೂ ಬೀಳುವುದಿಲ್ಲ.

ಅಂದಕ್ಕೆಂದು ಇಟ್ಟಿದ್ದ ಮನಿಪ್ಲಾಂಟನ್ನೂ ಬಾಲ್ಕನಿಯ ಎತ್ತರಕ್ಕೆ ಸಾಗಿಸಿದ್ದಾಯಿತು. ಹಣ ತರುವ ಬಳ್ಳಿಯೆಂದು ಪ್ರತೀತಿ. ಬ್ಯಾಂಕಿನವನಾದ ನನಗೆ ಅದರಿಂದ ಚಿಕ್ಕಾಸೂ ಬಂದಿಲ್ಲ. ಅದರ ಎಲೆ ಅಗಿದರೆ ಮಗುವಿನ ಬಾಯಿ ಉರಿದು ಊದಿಕೊಳ್ಳುವುದಂತೂ ನಿಶ್ಚಿತ. ದಪ್ಪ ಕಾರ್ಪೆಟ್ಟಿನ ಬದಲು ನವಲಗುಂದದ ಹತ್ತಿಯ ಜಮಖಾನೆ ಹಾಸಿದ್ದೇವೆ. ಝಾಡಿಸಿ ಬಿಸಿಲಿಗೆ ಹಾಕಬಹುದು, ಧೂಳಿನ ಹುಳುಗಳಿಗೆ ಆಶ್ರಯ ಕಡಿಮೆ. ತಾಯಿ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿ ದಿವಾನದ ಮೇಲಿದೆ. ಅದನ್ನು ನೋಡಿದ ನೆರೆಯ ಮರಾಠಿ ಗೃಹಿಣಿ, ಎಲ್ಲಿ ಸಿಗುತ್ತದೆ, ಬೆಲೆಯೆಷ್ಟು ಎಂದು ವಿಚಾರಿಸಿ ಹೋದರು.

ನಾಲ್ಕು ಜನ ಬಂದುಹೋಗುವ ಮನೆ, ಮರ್ಯಾದೆ ಬೇಡವೇ ಎಂದು ಕೇಳುವವರಿದ್ದಾರೆ. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರಸ್ಥಳದಲ್ಲಿ ಬಾಡಿಗೆ ಕೋಣೆಯಿಂದ ಸ್ವಂತ ಮನೆಯವರೆಗೆ ಬಂದವನಿಗೆ ‘ನಾವೂ ನೆಲೆನಿಂತೆವು’ ಎಂದು ತೋರಿಸಬೇಕೆಂಬ ಹಂಬಲ ಸಹಜ. ನಮ್ಮ ಷೋಕೇಸು ಕೂಡ ಆ ಹಂಬಲದಿಂದಲೇ ಬಂದದ್ದು. ಆದರೆ ಕಿರ್ದಿ ಬರೆದು ನೋಡೋಣ. ಅತಿಥಿಗಳು ನಮ್ಮ ಹಾಲಿನಲ್ಲಿ ಕುಳಿತಿರುವುದು ತಿಂಗಳಿಗೆ ಹೆಚ್ಚೆಂದರೆ ಎಂಟು ಗಂಟೆ. ಮಕ್ಕಳು ದಿನಕ್ಕೇ ಅಷ್ಟು ಹೊತ್ತು ಅಲ್ಲಿರುತ್ತಾರೆ. ಒಂದೂವರೆ ಕೋಣೆಯ ನಮ್ಮ ಮನೆಗಳಲ್ಲಿ ಅವರಿಗೆ ಬೇರೆ ಅಂಗಳವಿಲ್ಲ, ಹಿತ್ತಲಿಲ್ಲ, ಕಟ್ಟೆಯಿಲ್ಲ. ಇರುವ ಒಂದೇ ಕೋಣೆಯನ್ನೂ ಅತಿಥಿಗೆ ಮೀಸಲಿಟ್ಟರೆ ಮಗು ಮೊಬೈಲಿನ ಪರದೆಯೊಳಗೆ ಅಂಗಳ ಹುಡುಕಿಕೊಳ್ಳುತ್ತದೆ. ಆ ಮೇಲೆ ಮಗು ಆಡುವುದಿಲ್ಲವೆಂದು ವೈದ್ಯರಲ್ಲಿ ದೂರುವವರೂ ನಾವೇ. ಸೌಂದರ್ಯ ಬೇಡವೆಂದು ನಾನು ಹೇಳುತ್ತಿಲ್ಲ. ತಂದೆಯವರ ಭಾವಚಿತ್ರ, ಹಿತ್ತಾಳೆಯ ಸಮೆ ಇವೆರಡೂ ನಮ್ಮ ಹಾಲಿನಲ್ಲಿ ಎತ್ತರದ ಗೂಡಿನಲ್ಲಿವೆ. ಅಷ್ಟು ಸಾಕು.

ಒಂದು ಗೋಡೆಯ ಕೆಳಭಾಗಕ್ಕೆ ಮೂರಡಿ ಎತ್ತರದವರೆಗೆ ಕಪ್ಪು ಹಲಗೆಯ ಬಣ್ಣ ಹೊಡೆಸಬೇಕೆಂಬುದು ನನ್ನ ಸಹಧರ್ಮಿಣಿಯ ಸಲಹೆ. ಮೊದಲು ನನಗದು ಒಪ್ಪಿಗೆಯಾಗಿರಲಿಲ್ಲ. ಸೀಮೆಸುಣ್ಣದ ಪುಡಿ, ಕಪ್ಪು ಗೋಡೆ, ನೋಡಿದವರು ಏನೆಂದಾರು! ಈಗ ಸಂಜೆ ಮಕ್ಕಳಿಬ್ಬರೂ ಅಲ್ಲೇ ಕೂಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಕಲಿಯುವ ಅವರಿಗೆ ಕನ್ನಡದ ಅಕ್ಷರ ಬರೆಯಲು ಇರುವ ಜಾಗ ಅದೊಂದೇ. ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಕಳೆದ ತಿಂಗಳು ಸಂಘದ ಹಿರಿಯರೊಬ್ಬರು ವಂತಿಗೆಗೆಂದು ಬಂದವರು, ಕಿರಿಯವಳು ‘ಅಜ್ಜಿ ಬಂದಲು’ ಎಂದು ಬರೆದುದನ್ನು ಕಂಡು ಜಮಖಾನೆಯ ಮೇಲೆ ಕುಳಿತು ‘ಳ’ಕಾರವನ್ನು ತಿದ್ದಿಸಿದರು. ಚಹಾ ಆರಿಹೋಯಿತು. ಏಳುವಾಗ, ಇನ್ನೊಮ್ಮೆ ಬಂದು ಒತ್ತಕ್ಷರ ಹೇಳಿಕೊಡುವುದಾಗಿ ಮಾತು ಕೊಟ್ಟರು.

ಬರುವ ದೀಪಾವಳಿಯ ಅನಂತರ ಮನೆಗೆ ಬಣ್ಣ ಹೊಡೆಸಲು ಯೋಚಿಸುತ್ತಿರುವ ಬಂಧುಗಳು ಅಂದಾಜು ಪತ್ರಕ್ಕೆ ಸಹಿ ಹಾಕುವ ಮುನ್ನ ಒಮ್ಮೆ ನೆಲದ ಮೇಲೆ, ಮಗುವಿನ ಕಣ್ಣಿನ ಮಟ್ಟದಲ್ಲಿ ಕುಳಿತು ತಮ್ಮ ಹಾಲನ್ನು ಸುತ್ತ ನೋಡಬೇಕೆಂದು ನನ್ನ ಸವಿನಯ ಪ್ರಾರ್ಥನೆ. ಯಾವುದು ಬೀಳಬಹುದು, ಯಾವುದು ಸುಡಬಹುದು, ಯಾವುದು ಬಾಯಿಗೆ ಹೋಗಬಹುದು ಎಂಬುದು ಆ ಎತ್ತರದಿಂದ ಮಾತ್ರ ಕಾಣುತ್ತದೆ. ಖರ್ಚಿನ ಪಟ್ಟಿಯನ್ನು ಅಲ್ಲಿಂದ ಆರಂಭಿಸಿದರೆ ಸಾಲದ ಅರ್ಜಿಗಾಗಿ ನನ್ನಂಥವರ ಮೇಜಿನ ಮುಂದೆ ಬರುವ ಪ್ರಸಂಗ ಬಹುಮಟ್ಟಿಗೆ ತಪ್ಪೀತು.